ಸ್ತನ ತೆಗೆದ ಮೇಲೆ ಗಾಯ ಮುಚ್ಚುವುದು ಹೇಗೆ? ಮೂರು ಹಳೆಯ ವಿಧಾನ, ಎರಡು ದಾರ

ಸರ್ಜರಿ ಪಿಜಿ ವಿದ್ಯಾರ್ಥಿಗಳಿಗೆ ನಾನು ಹೊಲಿಗೆ ಕಲಿಸುತ್ತೇನೆ. ಸ್ತನ ಕ್ಯಾನ್ಸರಿನ ಹಳೆಯ ಆಪರೇಷನ್‌ಗಳ ಬಗ್ಗೆ ಸುಮ್ನೆ ಓದಿ ಬಿಡಲು ಮನಸ್ಸಾಗಲಿಲ್ಲ. ಚರ್ಮ ಸಮೇತ ಹಂದಿ ಮಾಂಸ ತಂದು ಮಾಡಿ ನೋಡಿದೆ. ಅದರಲ್ಲಿ ರಕ್ತ ಹರಿಯುವುದಿಲ್ಲ, ಗಾಯ ಮಾಯುವುದೂ ಇಲ್ಲ. ಆದರೆ ಅಂಚುಗಳು ಕೂಡುತ್ತವೋ ಇಲ್ಲವೋ ಅನ್ನೋದು ಕೈಗೆ ಗೊತ್ತಾಗುತ್ತದೆ.

ಮೊದಲು ಜರ್ಮನಿಯ ಉಲ್ಮ್ ಊರಿನ ಸರ್ಜನ್ ಸ್ಕಲ್ಟೀಟಸ್ ವಿಧಾನ. ಅವನು ಸತ್ತ ಮೇಲೆ, 1655ರಲ್ಲಿ ಬಂದ ಪುಸ್ತಕದಲ್ಲಿ ಇದರ ಚಿತ್ರವಿದೆ. ಸ್ತನದ ಬುಡಕ್ಕೆ ದೊಡ್ಡ ಸೂಜಿಯಿಂದ ಅಡ್ಡಡ್ಡ ಹಗ್ಗ ಪೋಣಿಸಿ, ಮೇಲೆತ್ತಿ, ಕತ್ತರಿಸುವುದು. ಆಮೇಲೆ ಕಾದ ಕಬ್ಬಿಣದಿಂದ ಸುಡುವುದು. ಅರಿವಳಿಕೆ ಇಲ್ಲದ ಕಾಲ, ಬೇಗ ಮುಗಿಸುವುದೇ ದೊಡ್ಡ ಕರುಣೆ. ಕೆಲಸ ನಿಜಕ್ಕೂ ಬೇಗ ಆಗುತ್ತದೆ. ಆದರೆ ಎತ್ತಿದಾಗ ಚರ್ಮವೂ ಜೊತೆಗೇ ಬರುತ್ತದೆ. ಉಳಿಯುವುದು ದುಂಡನೆಯ ಗಾಯ. ಎಳೆದು ಹೊಲಿಯಲು ನೋಡಿದೆ: ನಡುವೆ ಕೂಡಲಿಲ್ಲ, ಎರಡು ತುದಿಯಲ್ಲೂ ಚರ್ಮ ಮಡಚಿ ಉಬ್ಬಿತು.

18ನೇ ಶತಮಾನದ ಪ್ಯಾರಿಸ್‌ನಲ್ಲಿ ಜ್ಯಾನ್ ಲೂಯಿ ಪೆಟಿ ಬೇರೆ ದಾರಿ ಹಿಡಿದ. ರೋಗ ತಗುಲದ ಚರ್ಮವನ್ನು ಉಳಿಸಿ, ಅದರ ಅಡಿಯಿಂದ ಗಡ್ಡೆಯನ್ನೂ ಕಂಕುಳಿನ ಗ್ರಂಥಿಗಳನ್ನೂ ಬಿಡಿಸು ಅಂದ. ಇದಕ್ಕೆ ತಾಳ್ಮೆ ಬೇಕು. ಚರ್ಮ ತೀರಾ ತೆಳುವಾದರೆ ಹರಿಯುತ್ತದೆ, ದಪ್ಪ ಬಿಟ್ಟರೆ ಸ್ತನದ ಅಂಗಾಂಶ ಅಲ್ಲೇ ಉಳಿಯುತ್ತದೆ. ಆದರೆ ಕೊನೆಗೆ ಅಂಚಿಗೆ ಅಂಚು ಆರಾಮಾಗಿ ಕೂತಿತು. ಮುಚ್ಚುವ ವಿಷಯಕ್ಕೆ ಬಂದರೆ ನನ್ನ ಓಟು ಪೆಟಿಗೇ. ಎಚ್ಚರವಿದ್ದ ಹೆಂಗಸಿನ ಮೇಲೆ ಇದನ್ನು ಮಾಡುತ್ತಿದ್ದರಲ್ಲ ಅಂತ ನೆನೆದರೆ ಮಾತ್ರ ಕೈ ನಡುಗುತ್ತದೆ.

ಅಮೆರಿಕದ ಬಾಲ್ಟಿಮೋರಿನ ಸರ್ಜನ್ ಹಾಲ್‌ಸ್ಟೆಡ್ 1894ರಲ್ಲಿ 50 ರೋಗಿಗಳ ವರದಿ ಕೊಟ್ಟಾಗ ಅರಿವಳಿಕೆ ಬಂದಿತ್ತು, ಸೋಂಕು ತಡೆಯುವುದೂ ಗೊತ್ತಿತ್ತು. ಸಮಯ ಸಿಕ್ಕಿತು. ಚರ್ಮ, ಎದೆಯ ದೊಡ್ಡ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ಒಟ್ಟಿಗೇ ತೆಗೆದ. ಚರ್ಮದಡಿ ಸುತ್ತಲೂ ಗಟ್ಟಿ ರೇಷ್ಮೆ ದಾರ ಓಡಿಸಿ, ಎಲೆ ಅಡಿಕೆ ಸಂಚಿಯ ಬಾಯಿ ಬಿಗಿದಂತೆ ಎಳೆಯುತ್ತಿದ್ದ. ಹಾಗೇ ಮಾಡಿದೆ. ಗಾಯ ಸಣ್ಣದಾಯಿತು, ಮುಚ್ಚಲಿಲ್ಲ. ಉಳಿದ ಜಾಗಕ್ಕೆ ಅವನು ಬೇರೆ ಕಡೆಯ ತೆಳು ಚರ್ಮ ತಂದು ಹಾಸುತ್ತಿದ್ದ. ಹೊಲಿಗೆಯಾಗಿ ನನಗಿದು ಇಷ್ಟವಾಗಲಿಲ್ಲ. ಆದರೆ ಆ 50ರಲ್ಲಿ ಅದೇ ಜಾಗದಲ್ಲಿ ಗಡ್ಡೆ ಮರಳಿದ್ದು ಮೂವರಲ್ಲಿ ಅಂತ ಅವನ ಲೆಕ್ಕ. ಆ ಕಾಲಕ್ಕೆ ಅದು ತುಂಬಾ ಕಡಿಮೆ. ಹಾಗಾಗಿ ಅಷ್ಟು ಅಗಲ ಕತ್ತರಿಸಿದ್ದಕ್ಕೆ ಕಾರಣ ಇತ್ತು ಅಲ್ವಾ? ಎದೆಯ ದೊಡ್ಡ ಸ್ನಾಯು ಉಳಿಸಿಯೂ ಮಾಡಬಹುದು ಎಂದು ಲಂಡನ್ನಿನ ಪೇಟಿ (ಮೇಲಿನ ಪೆಟಿ ಬೇರೆ) ಮತ್ತು ಡೈಸನ್ ವರದಿ ಮಾಡಿದ್ದು 1948ರಲ್ಲಿ.

ಇನ್ನು ದಾರ. ಆಪರೇಷನ್‌ನಲ್ಲಿ ಸೋಂಕು ತಡೆಯುವುದನ್ನು ಕಲಿಸಿದ ಲಿಸ್ಟರ್‌ಗೆ ಕ್ಯಾಟ್‌ಗಟ್ (ಕುರಿ, ದನದ ಕರುಳಿನಿಂದ ಮಾಡಿದ ದಾರ) ಇಷ್ಟ, ಮೈಯೊಳಗೇ ಕರಗುತ್ತದೆ ಅಂತ. ಹಾಲ್‌ಸ್ಟೆಡ್ 1913ರಲ್ಲಿ ಸಣ್ಣ ರೇಷ್ಮೆಯೇ ಮೇಲು ಎಂದು ಬರೆದ. ನನ್ನ ಕೈಯಲ್ಲಿ ಕ್ಯಾಟ್‌ಗಟ್ ಸೆಟೆದು ನಿಂತಿತು, ಒದ್ದೆಯಾದಾಗ ಗಂಟು ಜಾರಿತು. ರೇಷ್ಮೆ ಹೇಳಿದಂತೆ ಕೇಳಿತು. ಹೊರಗಿನ ಚರ್ಮಕ್ಕೆ ರೇಷ್ಮೆಯನ್ನೇ ಆರಿಸುತ್ತೇನೆ, ಬಿಡಿ ಬಿಡಿ ಹೊಲಿಗೆಯಾಗಿ. ಸೋಂಕಾದ ಗಾಯದೊಳಗೆ ಮಾತ್ರ ರೇಷ್ಮೆ ಬೇಡ, ಅದರ ಎಳೆಗಳ ನಡುವೆ ಕೀಟಾಣು ಸೇರಿಕೊಳ್ಳುತ್ತವೆ.