ಹಳೆ ವಿಮಾನ ರೇಡಿಯೊ: ಡಿಸ್‌ಪ್ಲೇ ರಿಪೇರಿಯೋ, ಹೊಸ ಸೆಟ್ಟೋ?

ಕಿಂಗ್ ಕೆಎಕ್ಸ್ 155ರ ಕಿತ್ತಳೆ ಅಂಕಿಗಳು ಮಂಕಾಗಿವೆಯೇ? ಮೊದಲು ಮುಂಭಾಗದ ಬೆಳಕಿನ ಸೆನ್ಸರ್ ಮೇಲೆ ಟಾರ್ಚ್ ಬಿಡಿ. ಹೊಳಪು ಏರಿದರೆ ಡಿಸ್‌ಪ್ಲೇಗೆ ಇನ್ನೂ ಜೀವ ಇದೆ.

ಎಲ್ಲಾ ಅಂಕಿಗಳೂ ಒಟ್ಟಿಗೆ ಮಿನುಗಿದರೆ ಅನುಮಾನ ಪವರ್ ಸಪ್ಲೈ ಮೇಲೆ. ಇದು ಗಾಜಿನೊಳಗಿನ ಗ್ಯಾಸ್ ಹೊಳೆಯುವ ಡಿಸ್‌ಪ್ಲೇ, ನೂರಕ್ಕೂ ಜಾಸ್ತಿ ವೋಲ್ಟ್ ಬೇಕು. ಮುಚ್ಚಳ ನೀವೇ ತೆಗೆಯಬೇಡಿ, ಜೋರಾಗಿ ಶಾಕ್ ಹೊಡೆಯುತ್ತದೆ. ಈ ದೋಷಕ್ಕೆ ರಿಪೇರಿಯೇ ವಾಸಿ. ಒಂದೇ ಅಂಕಿಯ ಒಂದು ಗೆರೆ ಸತ್ತಿದ್ದರೆ ಡಿಸ್‌ಪ್ಲೇ ಗಾಜೇ ಹೋಗಿರಬಹುದು, ಇಲ್ಲವೇ ಅದನ್ನು ನಡೆಸುವ ಐಸಿ ಚಿಪ್. ಗಾಜಾದರೆ ಬಿಡಿಭಾಗ ಹುಡುಕುವುದು ಕಷ್ಟ.

ಹೊಸ ಸೆಟ್ಟಿಗೆ ದುಡ್ಡು ಜಾಸ್ತಿ. ರೇಡಿಯೊ ಕೂರಿಸುವ ಟ್ರೇ, ವೈರಿಂಗ್ ಕೂಡ ಬದಲಾಗಬಹುದು. ಆದರೂ ಯುರೋಪಿನಲ್ಲಿ ಹಾರುವವರಿಗೆ ನಾನು ಹೊಸ ಸೆಟ್ಟನ್ನೇ ಹೇಳುತ್ತೇನೆ. 2018ರಿಂದ ಅಲ್ಲಿ ಚಾನೆಲ್‌ಗಳ ನಡುವೆ 8.33 ಕಿಲೋಹರ್ಟ್ಸ್ ಅಂತರದ ರೇಡಿಯೊ ಬೇಕು. ಕೆಎಕ್ಸ್ 155 ಬರೀ 25 ಕಿಲೋಹರ್ಟ್ಸ್ ಅಂತರದ್ದು. ಅದರ ಡಿಸ್‌ಪ್ಲೇಗೆ ಸುಮ್ನೆ ಖರ್ಚು ಯಾಕೆ, ಅಲ್ವಾ?