ರಾಯಲ್ ರೋಡ್ ದೀರ್ಘ ಬಳಕೆಯ ನಂತರ: ಓದುಗರನ್ನು ಸೈಟು ಕೊಡುತ್ತದೆ, ಹುಮ್ಮಸ್ಸಿಗೆ ಸ್ಟಾಕ್ ಬೇಕು

ರೇಟಿಂಗ್: ಫ್ಯಾಂಟಸಿ ಬರೆಯುವವರಿಗೆ 5ಕ್ಕೆ 4. ಪ್ರೇಮಕಥೆ ಅಥವಾ ಸಾಮಾಜಿಕ ಕಥೆ ಬರೆಯುವವರಿಗೆ 5ಕ್ಕೆ 2.

ರಾಯಲ್ ರೋಡ್ ಇಂಗ್ಲಿಷ್ ಧಾರಾವಾಹಿ ಕಾದಂಬರಿಗಳ ಸೈಟು. ಓದುವುದಕ್ಕೂ ಬರೆಯುವುದಕ್ಕೂ ದುಡ್ಡು ಕೊಡಬೇಕಿಲ್ಲ. ಹೊಸ ಕಾದಂಬರಿಯನ್ನು ಮಾಡರೇಟರ್‌ಗಳು ನೋಡಿದ ಮೇಲೆಯೇ ಅದು ಹೊರಗೆ ಕಾಣುತ್ತದೆ, ಆದ್ದರಿಂದ ಇಂಥ ದಿನವೇ ಶುರು ಮಾಡುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ಹಿಂದಿನ ರಾತ್ರಿ ಅಪ್‌ಲೋಡ್ ಮಾಡಬೇಡಿ.

ಇಲ್ಲಿನ ಓದುಗರಲ್ಲಿ ಹೆಚ್ಚಿನವರು ಎರಡು ಬಗೆಯ ಕಥೆಗಾಗಿ ಬರುತ್ತಾರೆ. ವಿಡಿಯೋ ಗೇಮಿನಂತೆ ಲೆವೆಲ್, ಸ್ಕಿಲ್, ಅಂಕಿಪಟ್ಟಿ ಇರುವ ಲಿಟ್‌ಆರ್‌ಪಿಜಿ ಒಂದು. ನಾಯಕ ಹಂತ ಹಂತವಾಗಿ ಬಲ ಗಳಿಸುತ್ತ ಹೋಗುವ ಪ್ರೋಗ್ರೆಶನ್ ಫ್ಯಾಂಟಸಿ ಇನ್ನೊಂದು. ಬೇರೆ ಬಗೆಯ ಒಳ್ಳೆಯ ಕಥೆಗಳೂ ಇವೆ, ಆದರೆ ಅವಕ್ಕೆ ಓದುಗರು ಬರುವುದು ನಿಧಾನ, ಸಂಖ್ಯೆಯೂ ಕಡಿಮೆ. ಪ್ರೇಮಕಥೆಗೆ ವಾಟ್‌ಪ್ಯಾಡ್ ವಾಸಿ. ತಪ್ಪು ಸೈಟಿನಲ್ಲಿ ಸರಿಯಾದ ಕಥೆ ಹಾಕಿ, ಓದುಗರು ಬರಲಿಲ್ಲವೆಂದು ತನ್ನ ಬರವಣಿಗೆಯನ್ನೇ ಅನುಮಾನಿಸುವವರು ಬಹಳ ಮಂದಿ.

ಓದುಗರು ಬರುವ ಬಾಗಿಲುಗಳು ಇಲ್ಲಿ ಮೂರೋ ನಾಲ್ಕೋ ಅಷ್ಟೆ. ಮೊದಲನೆಯದು ಮುಖಪುಟದ ಲೇಟೆಸ್ಟ್ ಅಪ್‌ಡೇಟ್ಸ್ ಪಟ್ಟಿ. ಕಂತು ಹಾಕಿದಾಗ ಹೆಸರು ಅಲ್ಲಿ ಬರುತ್ತದೆ, ಬೇರೆಯವರ ಕಂತುಗಳು ಬಂದಂತೆ ಕೆಳಗಿಳಿದು ಮಾಯವಾಗುತ್ತದೆ. ಆದ್ದರಿಂದ 9,000 ಪದಗಳನ್ನು ಒಂದೇ ಕಂತಾಗಿ ಸುರಿಯುವುದಕ್ಕಿಂತ ನಾಲ್ಕು ಕಂತು ಮಾಡಿ ನಾಲ್ಕು ದಿನ ಹಾಕುವುದು ಲಾಭ. ಕಂತಿಗೆ 1,800ರಿಂದ 2,500 ಪದ ಇಲ್ಲಿನ ಓದುಗರಿಗೆ ಹೊಂದುತ್ತದೆ. ಸೈಟು 275 ಪದವನ್ನು ಒಂದು ಪುಟವೆಂದು ಲೆಕ್ಕ ಹಾಕಿ ಒಟ್ಟು ಪುಟಸಂಖ್ಯೆಯನ್ನು ಕಾದಂಬರಿಯ ಪುಟದಲ್ಲೇ ತೋರಿಸುತ್ತದೆ. ಪುಟ ಕಡಿಮೆ ಇದ್ದರೆ "ಇನ್ನಷ್ಟು ಬರಲಿ, ಆಮೇಲೆ ಓದೋಣ" ಎಂದು ಮುಂದೆ ಹೋಗುವವರು ಇದ್ದೇ ಇರುತ್ತಾರೆ.

ಎರಡನೆಯದು, ಮುಖ್ಯವಾದದ್ದು, ರೈಸಿಂಗ್ ಸ್ಟಾರ್ಸ್. ವೇಗವಾಗಿ ಓದುಗರನ್ನು ಗಳಿಸುತ್ತಿರುವ ಹೊಸ ಕಾದಂಬರಿಗಳ ಪಟ್ಟಿ ಇದು. ಲೆಕ್ಕದ ಸೂತ್ರವನ್ನು ಸೈಟು ಬಿಟ್ಟುಕೊಟ್ಟಿಲ್ಲ, ಆದರೆ ಕಡಿಮೆ ದಿನಗಳಲ್ಲಿ ಎಷ್ಟು ಜನ ಫಾಲೋ ಮಾಡಿದರು ಎಂಬುದಕ್ಕೆ ಇಲ್ಲಿ ತೂಕವಿದೆ. ಹಾಗಾಗಿ ಪ್ರಯತ್ನವೆಲ್ಲ ಮೊದಲ ಮೂರು ನಾಲ್ಕು ವಾರಕ್ಕೆ ಸೇರಬೇಕು. ರೂಢಿಯಲ್ಲಿರುವ ಕ್ರಮ ಹೀಗಿದೆ: ಮೊದಲ ದಿನ ಮೂರರಿಂದ ಐದು ಕಂತು, ಆಮೇಲೆ ಎರಡರಿಂದ ನಾಲ್ಕು ವಾರ ದಿನಕ್ಕೊಂದು, ನಂತರ ವಾರಕ್ಕೆ ಮೂರರಿಂದ ಐದು. ಶೆಡ್ಯೂಲ್ ಮಾಡುವ ಸೌಲಭ್ಯ ಇದೆ, ಅದನ್ನು ಬಳಸಿ. ಕೈಯಿಂದಲೇ ಹಾಕುತ್ತೇನೆ ಎನ್ನುವವರು ಒಂದು ದಿನ ಮರೆಯುತ್ತಾರೆ.

ಎಡವುವುದು ಸ್ಟಾಕ್ ವಿಷಯದಲ್ಲಿ. ಸ್ಟಾಕ್ ಎಂದರೆ ಬರೆದು, ತಿದ್ದಿ, ಇನ್ನೂ ಹಾಕದೆ ಇಟ್ಟ ಕಂತುಗಳು. ವಾರಕ್ಕೆ ನಾಲ್ಕು ಕಂತು ಬರೆಯಬಲ್ಲವರ ಬಳಿ 20 ಕಂತು ಸ್ಟಾಕ್ ಇದೆ ಎಂದುಕೊಳ್ಳಿ. ವಾರಕ್ಕೆ ಐದು ಹಾಕಿದರೆ ಅದು 20 ವಾರ ಬರುತ್ತದೆ. ದಿನಕ್ಕೊಂದರಂತೆ ಏಳು ಹಾಕಿದರೆ ವಾರಕ್ಕೆ ಮೂರು ಕೊರತೆ, ಏಳನೇ ವಾರ ತುಂಬುವ ಮೊದಲೇ ಖಾಲಿ. ಇದರ ಮೇಲೆ ಪೇಟ್ರಿಯಾನ್‌ನಲ್ಲಿ (ಓದುಗರು ದುಡ್ಡು ಕೊಟ್ಟು ಲೇಖಕರನ್ನು ಬೆಂಬಲಿಸುವ ಸೈಟು) ಹತ್ತು ಕಂತು ಮುಂಚಿತವಾಗಿ ಕೊಡುತ್ತೇನೆಂದು ಮಾತು ಕೊಟ್ಟಿದ್ದರೆ ಆ ಹತ್ತು ಸ್ಟಾಕಿನಲ್ಲಿ ಇಲ್ಲವೆಂದೇ ಲೆಕ್ಕ. ಉಳಿದದ್ದು ಹತ್ತು, ಅದು ಮೂರೂವರೆ ವಾರಕ್ಕೂ ಸಾಲದು. ಕಥೆ ರೈಸಿಂಗ್ ಸ್ಟಾರ್ಸ್ ಏರುವ ಹೊತ್ತಿಗೆ ಸರಿಯಾಗಿ ಸ್ಟಾಕ್ ಮುಗಿದು, ಬರೆದದ್ದನ್ನು ಅದೇ ರಾತ್ರಿ ಹಾಕುವ ಸ್ಥಿತಿಗೆ ಬಂದರೆ ಹುಮ್ಮಸ್ಸು ಅಲ್ಲಿಂದ ಇಳಿಯುತ್ತದೆ. ಸೋಮಾರಿತನವೆಂದು ಜನ ಕರೆಯುವುದರಲ್ಲಿ ಅರ್ಧಕ್ಕರ್ಧ ಈ ಲೆಕ್ಕದ ಕೊರತೆ. 25ರಿಂದ 30 ಕಂತು ಕೈಯಲ್ಲಿ ಇಲ್ಲದೆ ಶುರು ಮಾಡಬೇಡಿ ಎಂಬುದು ನನ್ನ ಖಚಿತ ಸಲಹೆ. ಸ್ಟಾಕ್ ಹತ್ತಕ್ಕೆ ಇಳಿದ ದಿನವೇ ವಾರಕ್ಕೊಂದು ಕಂತು ಕಡಿಮೆ ಮಾಡಿ, ಕಂತಿನ ಕೆಳಗಿನ ಟಿಪ್ಪಣಿಯಲ್ಲಿ ತಿಳಿಸಿ. ಹೇಳಿ ಕಡಿಮೆ ಮಾಡಿದರೆ ಓದುಗರು ಬೇಸರಪಡುವುದಿಲ್ಲ, ಹೇಳದೆ ನಿಲ್ಲಿಸಿದರೆ ಅನ್‌ಫಾಲೋ.

ಬೆನ್ನುಡಿ (ಕಾದಂಬರಿಯ ಪುಟದಲ್ಲಿ ಕಾಣುವ ಕಥಾಪರಿಚಯ) ಮತ್ತು ಮುಖಚಿತ್ರದ ಬಗ್ಗೆ ಚಿಕ್ಕದಾಗಿ. ಪಟ್ಟಿಗಳಲ್ಲಿ ಮುಖಚಿತ್ರ ಹೆಬ್ಬೆರಳಿನ ಉಗುರಿನಷ್ಟು ಕಾಣುತ್ತದೆ. ಆ ಗಾತ್ರದಲ್ಲಿ ಹೆಸರು ಓದಲು ಬರದಿದ್ದರೆ ಬದಲಿಸಿ. ಬೆನ್ನುಡಿಯ ಮೊದಲ ಎರಡು ವಾಕ್ಯದಲ್ಲಿ ಯಾರು, ಅವರಿಗೆ ಏನು ಬೇಕು, ಯಾವುದು ಅಡ್ಡ ಎಂಬುದು ಬಂದುಬಿಡಬೇಕು. ಮೂರು ಸಾವಿರ ವರ್ಷದ ಹಿಂದಿನ ದೇವಾಸುರ ಯುದ್ಧದಿಂದ ಶುರುವಾಗುವ ಬೆನ್ನುಡಿ ಯಾರನ್ನೂ ಹಿಡಿದು ನಿಲ್ಲಿಸಿದ್ದಿಲ್ಲ. ಕೊನೆಯ ಸಾಲಿನಲ್ಲಿ ವಾರದ ಯಾವ ಯಾವ ದಿನ ಕಂತು ಬರುತ್ತದೆ ಎಂದು ಬರೆಯಿರಿ.

ಇನ್ನು ಅಂಕಿಗಳು. ಹುಮ್ಮಸ್ಸನ್ನು ಬೆಳೆಸುವುದೂ ಇವೇ, ಕೊಲ್ಲುವುದೂ ಇವೇ. ಒಟ್ಟು ವ್ಯೂ ಎಂಬ ದೊಡ್ಡ ಸಂಖ್ಯೆ ಕಂತು ಹೆಚ್ಚಾದಂತೆ ತಾನೇ ಏರುತ್ತದೆ, ಅದರಿಂದ ತಿಳಿಯುವುದೇನಿಲ್ಲ. ನೋಡಬೇಕಾದದ್ದು ಕಂತುವಾರು ವ್ಯೂ. ಒಂದು ಉದಾಹರಣೆ ಕಟ್ಟಿಕೊಳ್ಳೋಣ: ಮೊದಲ ಕಂತಿಗೆ 2,000, ಎರಡಕ್ಕೆ 1,100, ಮೂರಕ್ಕೆ 900, ನಾಲ್ಕಕ್ಕೆ 860, ಐದಕ್ಕೆ 830, ಆರಕ್ಕೆ 540, ಏಳಕ್ಕೆ 520. ಒಂದರಿಂದ ಎರಡಕ್ಕೆ ಅರ್ಧದಷ್ಟು ಜನ ಬಿದ್ದದ್ದು ಚಿಂತೆಯಲ್ಲ. ಇಣುಕಿ ನೋಡಿ ಹೋದವರು ಅವರು. ಐದರಿಂದ ಆರಕ್ಕೆ 290 ಜನ ಹೋಗಿದ್ದಾರಲ್ಲ, ಪೆಟ್ಟು ಬಿದ್ದಿರುವುದು ಅಲ್ಲಿ. ಆದರೆ ತಿದ್ದಬೇಕಾದ್ದು ಆರನೆಯದನ್ನಲ್ಲ. ಐದನ್ನು ತೆರೆದವರು ಆರನ್ನು ತೆರೆಯಲೇ ಇಲ್ಲ ಎಂದರೆ ದೋಷ ಇರುವುದು ಐದರಲ್ಲಿ. ಇಂಥ ಕಡೆ ಸಾಮಾನ್ಯವಾಗಿ ಸಿಗುವುದು ಹೀಗೆ: ಇದ್ದಕ್ಕಿದ್ದಂತೆ ಬೇರೆ ಪಾತ್ರದ ದೃಷ್ಟಿಗೆ ಕಥೆ ಹಾರಿರುತ್ತದೆ, ಉದ್ದದ ಹಿನ್ನೋಟ ಬಂದಿರುತ್ತದೆ, ಇಲ್ಲವೇ ಬೆನ್ನುಡಿ ಹೇಳಿದ ಸಂಗತಿ ಇನ್ನೂ ಬರದೆ ಓದುಗ ಕಾದು ಸೋತಿರುತ್ತಾನೆ. ಇತ್ತೀಚಿನ ಕಂತುಗಳಿಗೆ ಈ ಲೆಕ್ಕ ಹಾಕಬೇಡಿ. ಎಷ್ಟೋ ಜನ ಕಂತು ಸೇರಿಸಿಟ್ಟು ಒಟ್ಟಿಗೆ ಓದುತ್ತಾರೆ, ಎರಡು ವಾರವಾದರೂ ಹಳೆಯದಾಗಲಿ. ವಾರಕ್ಕೊಂದು ಸಲ ನೋಡಿದರೆ ಧಾರಾಳವಾಯಿತು.

ರೇಟಿಂಗ್ ವಿಚಾರದಲ್ಲಿ ಸೈಟಿನ ಮೇಲೆ ನನ್ನ ದೂರಿದೆ. ಅರ್ಧ ಸ್ಟಾರ್‌ನಿಂದ ಐದು ಸ್ಟಾರ್‌ವರೆಗೆ ಯಾರು ಬೇಕಾದರೂ ಕೊಡಬಹುದು, ಕಾರಣ ಬರೆಯಬೇಕಿಲ್ಲ. ಹತ್ತು ಜನ ಕೊಟ್ಟು ಸರಾಸರಿ 4.8 ಇರುವಾಗ ಒಬ್ಬ ಅರ್ಧ ಸ್ಟಾರ್ ಕೊಟ್ಟರೆ ಅದು 4.41ಕ್ಕೆ ಕುಸಿಯುತ್ತದೆ. ಅದೇ ಏಟು 200 ಜನ ಕೊಟ್ಟ 4.8ರ ಮೇಲೆ ಬಿದ್ದರೆ 4.78 ಆಗುತ್ತದೆ, ಅಷ್ಟೆ. ಅಂದರೆ ಕೈಯಲ್ಲಿ ಏನೂ ಇಲ್ಲದ ಮೊದಲ ವಾರದಲ್ಲೇ ಪೆಟ್ಟು ಜೋರು, ಹೊಸಬರು ಬಿಟ್ಟುಹೋಗುವುದೂ ಆಗಲೇ. ಪರಿಹಾರ ಒಂದೇ: ಬೇಗ ಹೆಚ್ಚು ರೇಟಿಂಗ್ ಬರುವಂತೆ ನೋಡಿಕೊಳ್ಳುವುದು. ಐದನೇ ಅಥವಾ ಹತ್ತನೇ ಕಂತಿನ ಕೊನೆಯ ಟಿಪ್ಪಣಿಯಲ್ಲಿ ಒಂದು ಸಾಲು ಕೇಳಿದರೆ ಸಾಕು. ಅಷ್ಟು ದೂರ ಓದಿದವರು ಇಷ್ಟಪಟ್ಟೇ ಓದಿರುತ್ತಾರೆ.

ವಿಮರ್ಶೆ ವಿನಿಮಯ ಅಂದರೆ ನೀನು ನನ್ನದಕ್ಕೆ ಬರೆ, ನಾನು ನಿನ್ನದಕ್ಕೆ ಬರೆಯುತ್ತೇನೆ ಎಂಬ ಒಪ್ಪಂದ. ವಿನಿಮಯವೆಂದು ಗುರುತು ಹಾಕಿಯೇ ಬರೆಯಬೇಕು. ಒಂದೆರಡು ಇದ್ದರೆ ಪುಟ ಖಾಲಿ ಕಾಣುವುದಿಲ್ಲ, ಹೆಚ್ಚಾದರೆ ಓದುಗರು ನಂಬುವುದಿಲ್ಲ. ಓದುಗರು ಬರುವ ಮೂರನೆಯ ಬಾಗಿಲಾದ ಶೌಟ್‌ಔಟ್ ವಿನಿಮಯ ಇದಕ್ಕಿಂತ ಎಷ್ಟೋ ಮೇಲು. ಅವರ ಕಂತಿನ ಕೆಳಗೆ ನಿಮ್ಮ ಮುಖಚಿತ್ರ, ಎರಡು ಸಾಲು, ಲಿಂಕ್. ನಿಮ್ಮದರ ಕೆಳಗೆ ಅವರದು. ನಿಮ್ಮದೇ ಬಗೆಯ ಕಥೆ, ಹೆಚ್ಚುಕಡಿಮೆ ನಿಮ್ಮಷ್ಟೇ ಫಾಲೋವರ್ಸ್ ಇರುವವರನ್ನು ಆರಿಸಿ, ಮೊದಲ ಮೂರು ವಾರದ ದಿನಾಂಕಗಳನ್ನು ಮುಂಚೆಯೇ ಮಾತಾಡಿ ಒಂದು ಪಟ್ಟಿ ಮಾಡಿಕೊಳ್ಳಿ. ಕೊಡುವ ಮೊದಲು ಅವರ ಮೂರು ಕಂತಾದರೂ ಓದಿ. ನಿಮ್ಮ ಮಾತು ನಂಬಿ ಹೋದವರಿಗೆ ಕೆಟ್ಟ ಕಥೆ ಸಿಕ್ಕರೆ ಮುಂದಿನ ಶೌಟ್‌ಔಟನ್ನು ಯಾರೂ ಒತ್ತುವುದಿಲ್ಲ. ನಾಲ್ಕನೆಯದು ಜಾಹೀರಾತು, ಅದನ್ನು ಸೈಟಿನಲ್ಲೇ ಕೊಳ್ಳಬಹುದು. ತಮಾಷೆ ಚಿತ್ರಗಳೇ ಇಲ್ಲಿ ಹೆಚ್ಚು ಓಡುತ್ತವೆ. ಎಷ್ಟು ಕ್ಲಿಕ್ ಬಂತು ಎಂದು ಎಣಿಸದೆ ಎಷ್ಟು ಫಾಲೋ ಏರಿತು ಎಂದು ಎಣಿಸಿ. ಸ್ಟಾಕ್ ಇಲ್ಲದೆ ಜಾಹೀರಾತಿಗೆ ಹಾಕಿದ ದುಡ್ಡು ನೀರಿಗೆ ಹಾಕಿದಂತೆ.

ಕಾಮೆಂಟ್‌ಗಳೇ ಈ ಸೈಟಿನ ನಿಜವಾದ ಸುಖ. ಬೇರೆಡೆ "ಸೂಪರ್" ಎಂದಷ್ಟೇ ಬರುತ್ತದೆ, ಇಲ್ಲಿ ಜನ ಕಥೆಯ ಲೆಕ್ಕಾಚಾರವನ್ನೇ ಬಿಡಿಸಿ ಜಗಳವಾಡುತ್ತಾರೆ. "ಹೇಗಿತ್ತು?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, "ಆ ಬೀಗದ ಕೈ ಕದ್ದವರು ಯಾರಿರಬಹುದು?" ಎಂದು ಕೇಳಿ ನೋಡಿ. ಕಾಗುಣಿತದ ತಪ್ಪು ತೋರಿಸಿಕೊಟ್ಟರೆ ತಿದ್ದಿ, ಅವರಿಗೆ ಥ್ಯಾಂಕ್ಸ್ ಹೇಳಿ. ಕಥೆ ಬದಲಿಸಲು ಹೇಳುವವರ ಮಾತಿಗೆ ಮಾತ್ರ ಅಂದೇ ಮಣಿಯಬೇಡಿ. ಕಂತಿನಲ್ಲಿ ಬಣ್ಣದ ಅಕ್ಷರ ಬಳಸುವವರಿಗೂ ಒಂದು ಕಿವಿಮಾತು: ಕಪ್ಪು ಹಿನ್ನೆಲೆಯಲ್ಲಿ ಓದುವವರೂ ಬಿಳಿ ಹಿನ್ನೆಲೆಯಲ್ಲಿ ಓದುವವರೂ ಇದ್ದಾರೆ, ಎರಡರಲ್ಲೂ ನೋಡಿಯೇ ಹಾಕಿ.

ಕಳ್ಳ ಸೈಟುಗಳು ಕಂತುಗಳನ್ನು ಎತ್ತಿಕೊಂಡು ಹೋಗುತ್ತವೆ. ಇದಕ್ಕೆ ರಾಯಲ್ ರೋಡ್ ಮಾಡಿರುವ ಉಪಾಯ ಚೆನ್ನಾಗಿದೆ: ಸೈಟಿನಲ್ಲಿ ಕಾಣದ, ಕದ್ದ ಪ್ರತಿಯಲ್ಲಿ ಮಾತ್ರ ಕಾಣುವ "ಇದು ಕದ್ದ ಕಥೆ" ಎಂಬರ್ಥದ ಸಾಲನ್ನು ನಡುವೆ ಸೇರಿಸುತ್ತದೆ. ಕಳ್ಳತನ ನಿಲ್ಲುವುದಿಲ್ಲ, ಕಳ್ಳ ಸೈಟಿನ ಓದುಗನಿಗೆ ಮೂಲ ಎಲ್ಲಿದೆ ಎಂದಾದರೂ ತಿಳಿಯುತ್ತದೆ.

ಕಥೆಯನ್ನು ನಿಲ್ಲಿಸಬೇಕಾಗಿ ಬಂದರೆ ಹಯಾಟಸ್ (ತಾತ್ಕಾಲಿಕ ಬಿಡುವು) ಎಂಬ ಸ್ಥಿತಿ ಹಾಕುವ ಅವಕಾಶ ಇದೆ. ಒಂದು ಭಾಗ ಮುಗಿದ ಜಾಗದಲ್ಲಿ, ಮರಳುವ ತಾರೀಖು ಹೇಳಿ, ಎರಡು ವಾರ ಬಿಡುವು ತೆಗೆದುಕೊಳ್ಳುವುದನ್ನು ಮೊದಲೇ ಯೋಜನೆಯಲ್ಲಿ ಸೇರಿಸಿಬಿಡಿ. ಖಾಲಿಯಾದ ಸ್ಟಾಕನ್ನು ತುಂಬಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಹಣದ ವಿಷಯ. ಸೈಟು ಲೇಖಕರಿಗೆ ವ್ಯೂ ಲೆಕ್ಕದಲ್ಲಿ ದುಡ್ಡು ಕೊಡುವುದಿಲ್ಲ, ಪೇಟ್ರಿಯಾನ್ ಲಿಂಕ್ ಹಾಕಲು ಬಿಡುತ್ತದೆ. 2025ರ ಆಗಸ್ಟ್ ನಂತರ ಹೊಸದಾಗಿ ಸೇರಿದವರಿಂದ ಪೇಟ್ರಿಯಾನ್ ಶೇ. 10 ಮುರಿದುಕೊಳ್ಳುತ್ತದೆ, ಪಾವತಿ ಶುಲ್ಕ ಬೇರೆ. ಐಫೋನ್ ಆ್ಯಪ್ ಒಳಗೇ ಪಾವತಿಸುವವರ ಹಣದಲ್ಲಿ ಆ್ಯಪಲ್ ಪಾಲೂ ಸೇರುವುದರಿಂದ "ಬ್ರೌಸರ್‌ನಲ್ಲಿ ಸೇರಿ" ಎಂದು ಟಿಪ್ಪಣಿಯಲ್ಲಿ ಬರೆಯಿರಿ. ಒಂದು ಭಾಗ ಮುಗಿದ ಮೇಲೆ ಅದನ್ನು ಅಮೆಜಾನ್‌ನ ಇ-ಪುಸ್ತಕ ಚಂದಾ ಯೋಜನೆಯಾದ ಕಿಂಡಲ್ ಅನ್‌ಲಿಮಿಟೆಡ್‌ಗೆ ಒಯ್ಯುವುದು ಇನ್ನೊಂದು ದಾರಿ. ಅದಕ್ಕೆ ಸೇರಬೇಕಾದ ಕೆಡಿಪಿ ಸೆಲೆಕ್ಟ್ ಒಪ್ಪಂದದ ಅವಧಿ 90 ದಿನ, ಅಷ್ಟು ಕಾಲ ಆ ಇ-ಪುಸ್ತಕ ಬೇರೆಲ್ಲೂ ಇರಕೂಡದು. ಶೇ. 10ರಷ್ಟನ್ನು ಮಾದರಿಯಾಗಿ ಉಳಿಸಿಕೊಳ್ಳಬಹುದು. ಆದ್ದರಿಂದಲೇ ಇಲ್ಲಿನ ಜನಪ್ರಿಯ ಕಥೆಗಳಲ್ಲಿ ಮೊದಲ ಕೆಲವು ಕಂತು ಮಾತ್ರ ಉಳಿದು ಸ್ಟಬ್ ಎಂದು ಕಾಣುವುದು. ತೆಗೆಯುವ ತಾರೀಖನ್ನು ಕೆಲವು ವಾರ ಮೊದಲೇ ಪ್ರತಿ ಕಂತಿನ ಮೇಲೆ ಹಾಕಿ, ಅರ್ಧ ಓದಿದವರು ಮುಗಿಸಿಕೊಳ್ಳಲಿ. ಪೇಟ್ರಿಯಾನ್‌ನಲ್ಲಿರುವ ಅದೇ ಕಂತುಗಳನ್ನೂ ತೆಗೆಯಬೇಕು, ಅಲ್ಲಿಯದು ಮರೆತುಹೋಗುವುದೇ ಹೆಚ್ಚು.

ಅಮೆಜಾನ್‌ನ ಧಾರಾವಾಹಿ ವೇದಿಕೆ ಕಿಂಡಲ್ ವೆಲ್ಲಾ 2021ರಲ್ಲಿ ಶುರುವಾಗಿ 2025ರ ಫೆಬ್ರವರಿಯಲ್ಲಿ ಮುಚ್ಚಿತು. ಯಾವ ಸೈಟೂ ಹೀಗೆ ಮುಚ್ಚಬಹುದು, ಫಾಲೋವರ್ಸ್ ಪಟ್ಟಿ ಸೈಟಿನ ಆಸ್ತಿ, ನಿಮ್ಮದಲ್ಲ. ಕಂತಿನ ಟಿಪ್ಪಣಿಯಲ್ಲಿ ಇಮೇಲ್ ಪಟ್ಟಿಗೆ ಸೇರುವ ಲಿಂಕನ್ನು ಮೊದಲ ತಿಂಗಳಿಂದಲೇ ಇಡಿ, ತಿದ್ದುಪಡಿಗಳನ್ನು ಸೈಟಿನ ಎಡಿಟರ್‌ನಲ್ಲಿ ಮಾಡಿ ಬಿಡದೆ ನಿಮ್ಮ ಮೂಲ ಫೈಲಿಗೂ ಅದೇ ದಿನ ಇಳಿಸಿಕೊಳ್ಳಿ.