ರಕ್ತನಾಳಕ್ಕೆ ಅಂಟಿದ ಲಿವರ್ ಗಡ್ಡೆ: ಆರ್‌ಎಫ್‌ಎ ಸಾಕೋ, ಮೈಕ್ರೋವೇವ್ ಬೇಕೋ?

ಲಿವರ್ ಗಡ್ಡೆಯೊಳಗೆ ಸೂಜಿ ಚುಚ್ಚಿ ಶಾಖದಿಂದ ಸುಡುವ ಎರಡು ದಾರಿಗಳಿವು: ಕರೆಂಟಿನಿಂದ ಸುಡುವ ಆರ್‌ಎಫ್‌ಎ (ರೇಡಿಯೋಫ್ರೀಕ್ವೆನ್ಸಿ ಅಬ್ಲೇಶನ್), ಮೈಕ್ರೋವೇವ್ ತರಂಗದಿಂದ ಸುಡುವ ಮೈಕ್ರೋವೇವ್ ಅಬ್ಲೇಶನ್. ದೊಡ್ಡ ನಾಳಗಳಿಂದ ದೂರವಿರುವ 2 ಸೆಂ.ಮೀ. ಗಡ್ಡೆಯನ್ನು ಸುಡಲು ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಗಡ್ಡೆ ಹೆಪ್ಯಾಟಿಕ್ ವೇನ್‌ಗೋ (ಲಿವರ್‌ನಿಂದ ರಕ್ತ ಹೊರಗೊಯ್ಯುವ ನಾಳ) ಪೋರ್ಟಲ್ ವೇನ್‌ನ (ಕರುಳಿನಿಂದ ಲಿವರ್‌ಗೆ ರಕ್ತ ತರುವ ನಾಳ) ಕವಲಿಗೋ ಅಂಟಿಕೊಂಡಿದ್ದರೆ ಲೆಕ್ಕವೇ ಬೇರೆ. 3 ಮಿ.ಮೀ.ಗಿಂತ ದಪ್ಪದ ನಾಳದಲ್ಲಿ 37 ಡಿಗ್ರಿಯ ರಕ್ತ ಎಡೆಬಿಡದೆ ಹರಿಯುತ್ತ ಶಾಖವನ್ನು ಹೊತ್ತೊಯ್ಯುತ್ತದೆ. ಗೋಡೆಗೆ ತಾಗಿದ ಜೀವಕೋಶಗಳು ಸಾಯುವಷ್ಟು ಕಾಯುವುದೇ ಇಲ್ಲ, ಗಡ್ಡೆ ಮತ್ತೆ ಚಿಗುರುವುದೂ ಅಲ್ಲಿಂದಲೇ.

ಆರ್‌ಎಫ್‌ಎಯ ಕರೆಂಟು ನೇರವಾಗಿ ಕಾಯಿಸುವುದು ಸೂಜಿಯ ಸುತ್ತಲಿನ ಕೆಲವೇ ಮಿಲಿಮೀಟರ್. ಅದರಾಚೆಗೆ ಬಿಸಿ ನಿಧಾನವಾಗಿ ಹಬ್ಬಬೇಕು, ನಾಳ ಗೆಲ್ಲುವುದು ಆ ನಿಧಾನದಲ್ಲೇ. ಪವರ್ ಏರಿಸಿದರೆ 100 ಡಿಗ್ರಿಯ ಬಳಿ ಅಂಗಾಂಶ ಕರಕಲಾಗಿ, ಆವಿ ಎದ್ದು, ಇಂಪೀಡೆನ್ಸ್ (ಕರೆಂಟಿಗೆ ಬರುವ ತಡೆ) ಜಿಗಿದು ಜನರೇಟರೇ ಕೈಕೊಡುತ್ತದೆ. ಹಾಗಾಗಿ ಸೂಜಿಯನ್ನು ಗಡ್ಡೆಯ ನಟ್ಟನಡುವೆ ಮಾತ್ರ ಇಡದೆ, ನಾಳಕ್ಕೆ ಸಮಾನಾಂತರವಾಗಿ ಅದರ ಮಗ್ಗುಲಲ್ಲಿ ಇನ್ನೊಂದು ಸುತ್ತು ಸುಡಬೇಕು. ಮೊದಲೇ ಟೇಸ್ (ಗಡ್ಡೆಗೆ ರಕ್ತ ಒಯ್ಯುವ ಅಪಧಮನಿಗೆ ಔಷಧಿ ಹಾಕಿ ಅದನ್ನು ಮುಚ್ಚುವ ಚಿಕಿತ್ಸೆ) ಮಾಡಿದರೆ ಸಾಕೆಂಬ ನಂಬಿಕೆ ಅರ್ಧ ಸತ್ಯ: ಅದು ಗಡ್ಡೆಯೊಳಗಿನ ಅಪಧಮನಿ ಹರಿವನ್ನು ತಗ್ಗಿಸುತ್ತದೆ, ಪಕ್ಕದ ದೊಡ್ಡ ವೇನ್ ಹರಿಯುತ್ತಲೇ ಇರುತ್ತದೆ.

ಮೈಕ್ರೋವೇವ್‌ಗೆ (915 ಮೆಗಾಹರ್ಟ್ಸ್ ಅಥವಾ 2.45 ಗಿಗಾಹರ್ಟ್ಸ್) ಕರಕಲು ಅಡ್ಡಿಯಲ್ಲ. ತಾಪ 100 ದಾಟಿ ಏರುತ್ತದೆ, ಬೇಗ ಏರುತ್ತದೆ, ಆರ್‌ಎಫ್‌ಎಯಲ್ಲಿರುವಂತೆ ಕರೆಂಟು ಮರಳಲು ತೊಡೆಗೆ ಪ್ಯಾಡ್ ಅಂಟಿಸುವ ಗೋಜೂ ಇಲ್ಲ. ನಾಳದ ತಂಪು ಪೂರ್ತಿ ಸೋಲುವುದಿಲ್ಲ, ಆದರೆ ಸುಟ್ಟ ವಲಯದಲ್ಲಿ ಬೀಳುವ ತಗ್ಗು ಚಿಕ್ಕದಾಗುತ್ತದೆ. ನಾಳದ ಪಕ್ಕ ನಮ್ಮ ಆಯ್ಕೆ ಇದೇ.

ಹೈಲಮ್ (ದೊಡ್ಡ ರಕ್ತನಾಳ, ಪಿತ್ತನಾಳಗಳು ಲಿವರ್‌ಗೆ ಸೇರುವ ಬಾಗಿಲು) ಬಳಿ ಮಾತ್ರ ಅದೇ ಬಲ ಮುಳುವಾಗುತ್ತದೆ. ಪೋರ್ಟಲ್ ವೇನ್ ತನ್ನ ರಕ್ತದಿಂದ ತನ್ನನ್ನು ಕಾಯ್ದುಕೊಳ್ಳುತ್ತದೆ. ಪಕ್ಕದ ಪಿತ್ತನಾಳಕ್ಕೆ ಅಂಥ ಹರಿವಿಲ್ಲ, ಬೆಂದರೆ ಮುಂದೆ ಕಿರಿದಾಗಿ ಕಾಮಾಲೆ ಬರಬಹುದು. ಸಿರೋಸಿಸ್‌ನಲ್ಲಿ (ಲಿವರ್ ಗಟ್ಟಿಯಾಗುವ ಕಾಯಿಲೆ) ಪೋರ್ಟಲ್ ಹರಿವು ಮಂದವಾಗಿದ್ದರೆ ನಾಳದೊಳಗಿನ ರಕ್ತವೇ ಹೆಪ್ಪುಗಟ್ಟಲೂಬಹುದು, ಡಾಪ್ಲರ್ (ರಕ್ತದ ಹರಿವು ತೋರುವ ಅಲ್ಟ್ರಾಸೌಂಡ್) ನೋಡದೆ ಸೂಜಿ ಎತ್ತಬೇಡಿ. ಹೈಲಮ್‌ಗೆ ತೀರಾ ಹತ್ತಿರವಾದರೆ ಐಆರ್‌ಇ (ಇರ್ರಿವರ್ಸಿಬಲ್ ಎಲೆಕ್ಟ್ರೋಪೊರೇಶನ್) ಯೋಚಿಸಬಹುದು: ಅದು ಕೊಲ್ಲುವುದು ಶಾಖದಿಂದಲ್ಲ, ವಿದ್ಯುತ್ ಪಲ್ಸ್‌ಗಳಿಂದ. ಪೂರ್ತಿ ಅರಿವಳಿಕೆ, ಸ್ನಾಯು ಸಡಿಲಿಕೆ, ಇಸಿಜಿಗೆ ತಾಳೆ ಹಾಕಿದ ಪಲ್ಸ್, ಸಮಾನಾಂತರ ಸೂಜಿಗಳು... ರಗಳೆ ಕಡಿಮೆಯೇನಲ್ಲ.

ಯಾವುದೇ ಆಗಲಿ, ಅಲ್ಟ್ರಾಸೌಂಡ್‌ನ ಬಿಳಿ ಮೋಡ ನಂಬಬೇಡಿ. ಅದು ಗ್ಯಾಸ್, ಸುಟ್ಟ ಗಡಿಯಲ್ಲ. ಕಾಂಟ್ರಾಸ್ಟ್ ಸಿಟಿಯನ್ನು ಹಳೆಯ ಸ್ಕ್ಯಾನ್ ಜತೆ ಇಟ್ಟು ನಾಳದ ಬದಿಯ ಅಂಚನ್ನೇ (ಗಡ್ಡೆಯಾಚೆಗೆ ಸುಟ್ಟ ಪಟ್ಟಿಯ ಅಗಲ) ಅಳೆಯಿರಿ. 5 ಮಿ.ಮೀ. ಸಿಗದಿದ್ದರೆ ಅದೇ ಸಿಟ್ಟಿಂಗ್‌ನಲ್ಲಿ ಮತ್ತೊಮ್ಮೆ ಸೂಜಿ ಹಾಕಿ. ಮೈಕ್ರೋವೇವ್‌ನಲ್ಲಿ ಬೆಂದ ಅಂಗಾಂಶ ಕುಗ್ಗುವುದರಿಂದ, ಅಂಚು ಇರುವುದಕ್ಕಿಂತ ಕಿರಿದಾಗಿ ಕಂಡೀತು.